ರೇಂಜ್‌ಫೈಂಡರ್ ಕ್ಯಾಮೆರಾ: ಫೋಕಸಿನ ಫರಕು ಎಲ್ಲಿದೆ?

(ಕಲಬುರಗಿಯಲ್ಲಿ ಫಿಲಂ ಕ್ಯಾಮೆರಾ ಬಳಸುವವರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೇಜಿನ ಮೇಲೆ ನೀವು ತಂದಿಟ್ಟಿರುವ ಕ್ಯಾಮೆರಾಗಳಲ್ಲಿ ಒಂದು ಲೈಕಾ ಎಂ6 ಇದೆ, ಎರಡು ಝೋರ್ಕಿ 4, ಒಂದು ಬೆಸ್ಸಾ ಆರ್, ಉಳಿದವು ಯಾಶಿಕಾ ಎಲೆಕ್ಟ್ರೋ 35 ಮತ್ತು ಕ್ಯಾನೊನೆಟ್. ಬೆಲೆ ಬೇರೆ, ದೇಶ ಬೇರೆ. ದೂರು ಮಾತ್ರ ಒಂದೇ: "ನಡುವಿನ ಚೌಕದಾಗ ಎರಡೂ ಚಿತ್ರ ಸರಿಯಾಗಿ ಕೂಡಿದ್ವುರಿ, ರೀಲ್ ತೊಳೆದು ನೋಡಿದ್ರ ಕಣ್ಣಿನ ಬದಲಿ ಕಿವಿ ಶಾರ್ಪ್ ಬಂದದ."

ಇಂಥ ಕ್ಯಾಮೆರಾ ಕೈಗೆ ಬಂದ ಕೂಡಲೇ ಬಹಳ ಜನ ಸ್ಕ್ರೂ ಡ್ರೈವರ್ ಹುಡುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫರಕು ಲೆನ್ಸಿನಲ್ಲಿದ್ದು ನೀವು ಬಾಡಿಯ ಸ್ಕ್ರೂ ತಿರುವಿದರೆ ಆ ಒಂದು ಲೆನ್ಸ್ ಸರಿಹೋದಂತೆ ಕಾಣುತ್ತದೆ, ಉಳಿದ ಲೆನ್ಸುಗಳೆಲ್ಲ ಅವತ್ತಿನಿಂದ ತಪ್ಪುತ್ತವೆ. ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂತರೆ ಆಮೇಲೆ ರಿಪೇರಿಯವರಿಗೂ ಪತ್ತೆ ಹಚ್ಚುವುದು ಕಷ್ಟ. ಆದ್ದರಿಂದ ಇವತ್ತಿನ ಮಾತು ರಿಪೇರಿಯದ್ದಲ್ಲ. ಫರಕು ಯಾವ ಭಾಗದಲ್ಲಿದೆ ಎಂದು ಗುರುತಿಸುವುದು ಹೇಗೆ ಎಂಬುದಷ್ಟೇ.

ಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಕಂಡದ್ದನ್ನೇ ಕಣ್ಣೂ ಕಾಣುತ್ತದೆ. ರೇಂಜ್‌ಫೈಂಡರಿನಲ್ಲಿ ಹಾಗಿಲ್ಲ; ಅಲ್ಲಿ ಬೇರೆ ಕಿಟಕಿಯಿಂದ ನೋಡಿ, ನಡುವಿನ ಚೌಕದಲ್ಲಿ ಕಾಣುವ ಎರಡು ಚಿತ್ರಗಳನ್ನು ಒಂದಾಗಿಸಿ ಫೋಕಸ್ ಮಾಡುತ್ತೇವೆ. 1932ರಲ್ಲಿ ಲೈಕಾ II ಮತ್ತು ಮೊದಲ ಕಾಂಟ್ಯಾಕ್ಸ್ ಬಂದಾಗಿನಿಂದ ಮೂಲ ವಿಚಾರ ಬದಲಾಗಿಲ್ಲ: ಫೋಕಸ್ ಕಟ್ಟಿಗೂ (ಲೆನ್ಸಿನ ಮೇಲೆ ತಿರುಗಿಸುವ ಉಂಗುರ) ಒಂದು ಕನ್ನಡಿಗೋ ಪ್ರಿಸಮ್ಮಿಗೋ ಕೊಂಡಿ ಹಾಕಿ, ಅದು ತಿರುಗಿದಂತೆ ಚೌಕದೊಳಗಿನ ಎರಡನೇ ಚಿತ್ರ ಸರಿಯುವಂತೆ ಮಾಡುವುದು. ಲೈಕಾ ಜಾತಿಯ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದಿನ ಹಿತ್ತಾಳೆಯ ಉಂಗುರ ಬಾಡಿಯೊಳಗಿನ ಒಂದು ಸನ್ನೆಯನ್ನು (ಲಿವರ್) ಒತ್ತುತ್ತದೆ. ನಿಮ್ಮ ಕಣ್ಣಿಗೆ ಕಾಣುವುದು ಆ ಸನ್ನೆ ಹೇಳುವ ಮಾತು. ಫಿಲಂ ಮೇಲೆ ಬೀಳುವುದು ಲೆನ್ಸ್ ಮಾಡುವ ಕೆಲಸ. ಇವೆರಡೂ ತಾಳೆಯಾಗಬೇಕಾದರೆ ಮೂರು ಅಳತೆ ಸರಿಯಿರಬೇಕು.

ಮೊದಲನೆಯದು ಬಾಡಿಯ ಮೌಂಟಿನಿಂದ (ಲೆನ್ಸ್ ಕೂರುವ ಬಾಯಿ) ಫಿಲಂವರೆಗಿನ ದೂರ. ಲೈಕಾ ಎಂ ಮೌಂಟಿನಲ್ಲಿ ಇದು 27.80 ಮಿ.ಮೀ., ಹಳೆಯ 39 ಮಿ.ಮೀ. ಸ್ಕ್ರೂ ಮೌಂಟಿನಲ್ಲಿ 28.80 ಮಿ.ಮೀ. ಸ್ಕ್ರೂ ಲೆನ್ಸನ್ನು ಎಂ ಬಾಡಿಗೆ ಹಾಕುವ ಅಡಾಪ್ಟರ್ ಸರಿಯಾಗಿ 1 ಮಿ.ಮೀ. ದಪ್ಪ ಇರಬೇಕಾದ್ದು ಇದಕ್ಕೇ. ಎರಡನೆಯದು ಲೆನ್ಸಿನೊಳಗೆ: ಗಾಜುಗಳು ಕೂತ ಜಾಗ ಮತ್ತು ಹಿಂದಿನ ಉಂಗುರದ ಚಲನೆ ಒಂದಕ್ಕೊಂದು ಹೊಂದಿರಬೇಕು. ಮೂರನೆಯದು ಸನ್ನೆಯ ತುದಿಯಿಂದ ಕನ್ನಡಿಯವರೆಗಿನ ಸಂಬಂಧ. ಮೊದಲನೆಯದು ಮತ್ತು ಮೂರನೆಯದು ಬಾಡಿಯವು, ಎರಡನೆಯದು ಲೆನ್ಸಿನದು.

ಎಷ್ಟು ಸಣ್ಣ ಅಳತೆಯ ಮಾತು ಇದು ಎಂದು ತಿಳಿಯಲು ಸ್ವಲ್ಪ ಲೆಕ್ಕ ಮಾಡೋಣ. ಲೈಕಾ ಲೆಕ್ಕದಲ್ಲಿ 50 ಮಿ.ಮೀ. ಲೆನ್ಸಿನ ನಿಜವಾದ ಫೋಕಲ್ ಲೆಂತ್ 51.6 ಮಿ.ಮೀ. ಅನಂತದಿಂದ, ಅಂದರೆ ಬಹಳ ದೂರದ ಫೋಕಸಿನಿಂದ, 1 ಮೀಟರಿಗೆ ಫೋಕಸ್ ತರಲು ಅದು ಸುಮಾರು 3 ಮಿ.ಮೀ. ಮುಂದೆ ಬರುತ್ತದೆ. ಅನಂತದಿಂದ 10 ಮೀಟರಿಗೆ ಬರಲು ಕೇವಲ 0.27 ಮಿ.ಮೀ. ಸಾಕು. ಈಗ ಎಲ್ಲೋ 0.03 ಮಿ.ಮೀ. ತಪ್ಪಿದೆ ಎನ್ನಿ, ತಲೆಗೂದಲಿಗಿಂತ ಕಡಿಮೆ. 1 ಮೀಟರಿನಲ್ಲಿ ಅದು ಸುಮಾರು 9 ಮಿ.ಮೀ. ತಪ್ಪಾಗುತ್ತದೆ, 3 ಮೀಟರಿನಲ್ಲಿ ಒಂಬತ್ತೂವರೆ ಸೆಂ.ಮೀ., 10 ಮೀಟರಿನಲ್ಲಿ 1 ಮೀಟರಿಗಿಂತ ಹೆಚ್ಚು. ಅನಂತಕ್ಕೆ ಇಟ್ಟ ಲೆನ್ಸ್ 0.03 ಮಿ.ಮೀ. ಮುಂದೆ ನಿಂತರೆ ಅದರ ಫೋಕಸ್ ಸುಮಾರು 90 ಮೀಟರಿಗೆ ಇರುತ್ತದೆ. ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತವೆ.

ಕ್ಯಾಮೆರಾ ಮೇಲೆ ಅನುಮಾನ ಪಡುವ ಮೊದಲು ಕ್ಯಾಮೆರಾದ್ದಲ್ಲದ ಕಾರಣಗಳನ್ನು ತೆಗೆದುಹಾಕಬೇಕು. ನೆಗೆಟಿವ್ ಮೇಲೆ 10 ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ (ಭೂತಗಾಜು) ಇಟ್ಟು ನೋಡಿ. ಸ್ಕ್ಯಾನ್ ನಂಬಬೇಡಿ, ಸ್ಕ್ಯಾನರಿನ ಫೋಕಸೇ ತಪ್ಪಿರಬಹುದು. ಬೇಕಾದ ಜಾಗ ಮಸುಕಾಗಿ ಅದರ ಹಿಂದೋ ಮುಂದೋ ಇನ್ನೆಲ್ಲೋ ಚೂಪಾಗಿ ಬಂದಿದ್ದರೆ ಅದು ಫೋಕಸಿನ ಫರಕು. ಎಲ್ಲೂ ಚೂಪಿಲ್ಲ ಎಂದಾದರೆ ಕೈ ಅಲುಗಿದೆ, ಇಲ್ಲವೇ ಲೆನ್ಸಿನೊಳಗೆ ಮಂಜು ಕಟ್ಟಿದೆ. ಚೌಕಟ್ಟಿನ ಎಡಭಾಗ ಚೂಪು, ಬಲಭಾಗ ಮಸುಕು ಎಂದಾದರೆ ಮೌಂಟ್ ಓರೆಯಾಗಿದೆ ಅಥವಾ ಲೆನ್ಸಿನೊಳಗಿನ ಒಂದು ಗಾಜು ವಾಲಿದೆ. ಅದಕ್ಕೂ ರೇಂಜ್‌ಫೈಂಡರಿಗೂ ಸಂಬಂಧವಿಲ್ಲ.

ಫೋಕಸ್ ಮಾಡಿ ಆಮೇಲೆ ಚೌಕಟ್ಟು ಬದಲಿಸುವ ಅಭ್ಯಾಸ ಇನ್ನೊಂದು ಕಾರಣ. 1 ಮೀಟರಿನಲ್ಲಿ ಮುಖಕ್ಕೆ ಫೋಕಸ್ ಮಾಡಿ ಕ್ಯಾಮೆರಾವನ್ನು 15 ಡಿಗ್ರಿ ತಿರುಗಿಸಿದರೆ ಫೋಕಸಿನ ಸಮತಲ ಮುಖದಿಂದ ಸುಮಾರು 3.4 ಸೆಂ.ಮೀ. ಹಿಂದೆ ಹೋಗುತ್ತದೆ. 50 ಮಿ.ಮೀ. ಎಫ್/2 ಲೆನ್ಸಿಗೆ ಆ ದೂರದಲ್ಲಿ ಇರುವ ಸಲುಗೆ, ಅಂದರೆ ಚೂಪಾಗಿ ಬರುವ ಆಳ, ಹಿಂದೆ ಮುಂದೆ ತಲಾ 1.8 ಸೆಂ.ಮೀ. ಮಾತ್ರ. ಕ್ಯಾಮೆರಾ ಕರಾರುವಾಕ್ಕಾಗಿದ್ದರೂ ಕಣ್ಣು ಹೋಗಿ ಕಿವಿ ಬರುವುದು ಹೀಗೆ. ಕಣ್ಣಿನ ಕನ್ನಡಕದ ನಂಬರ್ ಬದಲಾಗಿದ್ದರೆ ಚೌಕ ಮಸುಕಾಗಿ ಕಂಡು ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲಿಸುತ್ತೀರಿ. ಹಿಂದೊಮ್ಮೆ ಮುಂದೊಮ್ಮೆ ತಪ್ಪುತ್ತಿದ್ದರೆ ಕಣ್ಣನ್ನೋ ಒಣಗಿದ ಗ್ರೀಸನ್ನೋ ಅನುಮಾನಿಸಿ. ಯಾವಾಗಲೂ ಒಂದೇ ಕಡೆ ತಪ್ಪುತ್ತಿದ್ದರೆ ಮಾತ್ರ ಹೊಂದಾಣಿಕೆಯ ಪ್ರಶ್ನೆ.

ಈಗ ಪರೀಕ್ಷೆ. ಅನಂತದಿಂದ ಶುರು ಮಾಡಿ. ಲೆನ್ಸನ್ನು ಅನಂತದ ತಡೆಗೆ ತಾಗುವವರೆಗೆ ತಿರುಗಿಸಿ, 1 ಕಿಲೋಮೀಟರಿಗಿಂತ ದೂರದ ನೆಟ್ಟಗಿನ ಗೆರೆಯನ್ನು ನೋಡಿ. ರೇಂಜ್‌ಫೈಂಡರ್ ಅಳೆಯುವುದು ಅಡ್ಡ ಸರಿತವನ್ನು, ಹಾಗಾಗಿ ಗೆರೆ ಲಂಬವಾಗಿರಬೇಕು. ಮೊಬೈಲ್ ಟವರು ಆಗುತ್ತದೆ. ಕಲಬುರಗಿಯವರಿಗೆ ದೂರದ ಮನೆ ಮಾಳಿಗೆಯಿಂದ ಕಾಣುವ ಬಂದೇನವಾಜ್ ದರ್ಗಾದ ಗುಮ್ಮಟದ ತುದಿ ಆಗುತ್ತದೆ. ಬೀದರಿನವರಿಗೆ ಗವಾನ್ ಮದರಸಾದ ಮಿನಾರು ಇದೆ, ಅದರ ಅಂಚು ಬಹಳ ಸ್ಪಷ್ಟ. ಎರಡೂ ಚಿತ್ರ ಒಂದಾಗಿರಬೇಕು. ಎರಡನೇ ಚಿತ್ರ ಪಕ್ಕಕ್ಕೆ ನಿಂತಿದ್ದರೆ ಅಡ್ಡ ಫರಕು. ಮೇಲೆ ಕೆಳಗೆ ನಿಂತಿದ್ದರೆ ಲಂಬ ಫರಕು. ಲಂಬ ಫರಕು ದೂರದ ಲೆಕ್ಕ ಕೆಡಿಸುವುದಿಲ್ಲ, ಆದರೆ ಎರಡು ಚಿತ್ರ ಕೂಡಿದವೋ ಇಲ್ಲವೋ ಎಂದು ತೀರ್ಮಾನಿಸಲು ಕಣ್ಣಿಗೆ ತೊಂದರೆ ಕೊಡುತ್ತದೆ.

ಸಮಯದ ಬಗ್ಗೆ ಒಂದು ಮಾತು. ನಮ್ಮ ಕಡೆ ಮಾರ್ಚಿನಿಂದ ಜೂನ್‌ವರೆಗೆ ಬೆಳಿಗ್ಗೆ ಒಂಬತ್ತಾದರೆ ಕರಿಮಣ್ಣಿನ ಹೊಲದ ಮೇಲಿನ ಗಾಳಿ ಕುದಿಯತೊಡಗುತ್ತದೆ. ದೂರದ ಗೆರೆ ನೀರಿನಲ್ಲಿ ನೋಡಿದಂತೆ ಅಲುಗುತ್ತದೆ. ಆಗ ಅನಂತದ ಪರೀಕ್ಷೆ ಮಾಡಿದರೆ ಇಲ್ಲದ ಫರಕು ಕಾಣುತ್ತದೆ, ಇರುವ ಫರಕು ಮುಚ್ಚಿಹೋಗುತ್ತದೆ. ಸೂರ್ಯೋದಯದ ನಂತರದ ಒಂದು ಗಂಟೆ ಒಳ್ಳೆಯದು. ತೊಗರಿ ಹೊಲದ ಮೇಲೆ ಹಾದು ನೋಡುವುದಕ್ಕಿಂತ ಮಾಳಿಗೆಯಿಂದ ನೋಡುವುದು ಇನ್ನೂ ಒಳ್ಳೆಯದು.

ಲೆನ್ಸ್ ತೆಗೆದು ಇನ್ನೊಂದು ಪರೀಕ್ಷೆ ಮಾಡಿ. ಮೌಂಟಿನೊಳಗೆ ಮೇಲ್ಭಾಗದಲ್ಲಿ ಕಾಣುವ ಸನ್ನೆಯ ತುದಿಯನ್ನು ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿ, ಬಿಡಿ. ಲೈಕಾದಲ್ಲಿ ಅದು ಪುಟ್ಟ ಚಕ್ರ, ಝೋರ್ಕಿಯಲ್ಲಿ ಬೆಣೆಯಾಕಾರದ ತುಂಡು. ಒತ್ತುವಾಗ ಕಣ್ಣು ವ್ಯೂಫೈಂಡರಿನಲ್ಲಿರಲಿ. ಎರಡನೇ ಚಿತ್ರ ಒಂದೇ ವೇಗದಲ್ಲಿ ಸರಿದು ತಟ್ಟನೆ ವಾಪಸ್ ಬರಬೇಕು. ತಡವರಿಸಿದರೆ, ನಡುವೆ ನಿಂತರೆ, ಒಳಗೆ ಗ್ರೀಸ್ ಒಣಗಿದೆ ಅಥವಾ ಧೂಳು ಸೇರಿದೆ. ಹಾಗಿದ್ದಾಗ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಮೊದಲು ಅದನ್ನು ಸ್ವಚ್ಛ ಮಾಡಿಸಿ. ಶಟರ್ ಪರದೆಗೆ ಬೆರಳು ತಾಗದಂತೆ ನೋಡಿಕೊಳ್ಳಿ.

ಹತ್ತಿರದ ಪರೀಕ್ಷೆಯಲ್ಲಿ ಬಹುಪಾಲು ಜನ ತಪ್ಪುವುದು ಒಂದೇ ಕಡೆ. ಸ್ಕೇಲನ್ನು ಓರೆಯಾಗಿ ಇಟ್ಟು ಅದರ ನಡುವಿನ ಅಂಕಿಗೆ ಫೋಕಸ್ ಮಾಡುತ್ತಾರೆ. ಚೌಕ ಒಂದು ಚುಕ್ಕೆಯಲ್ಲ, ಅದಕ್ಕೆ ಅಗಲವಿದೆ. ಓರೆ ಸ್ಕೇಲಿನಲ್ಲಿ ಚೌಕದೊಳಗೆ ಹತ್ತಿರದ ಗೆರೆಯೂ ಬೀಳುತ್ತದೆ, ದೂರದ ಗೆರೆಯೂ ಬೀಳುತ್ತದೆ. ನೀವು ಯಾವುದನ್ನು ಕೂಡಿಸಿದಿರಿ ಎಂದು ನಿಮಗೇ ಗೊತ್ತಿರುವುದಿಲ್ಲ. ಫೋಕಸ್ ಮಾಡಲು ಕ್ಯಾಮೆರಾಕ್ಕೆ ನೇರ ಎದುರಾಗಿ ನಿಂತ ಚಪ್ಪಟೆ ಗುರುತು ಬೇಕು: ಬಿಳಿ ರಟ್ಟಿನ ಮೇಲೆ ದಪ್ಪನೆಯ ಒಂದು ಕರಿ ಲಂಬ ಗೆರೆ. ಫಲಿತಾಂಶ ಓದಲು ಅದರ ಪಕ್ಕದಲ್ಲಿ 30 ಸೆಂ.ಮೀ. ಸ್ಟೀಲ್ ಸ್ಕೇಲನ್ನು 45 ಡಿಗ್ರಿ ಓರೆಯಾಗಿ ಇಡಿ. ಸ್ಕೇಲಿನ 15ರ ಗುರುತು ರಟ್ಟಿನ ಸಮತಲದಲ್ಲೇ ಇರಬೇಕು. ಆಗ ಸ್ಕೇಲಿನ ಮೇಲೆ 1 ಸೆಂ.ಮೀ. ಎಂದರೆ ನಿಜವಾದ ಆಳ 7 ಮಿ.ಮೀ. ಸ್ಕೇಲ್ ನಿಲ್ಲಿಸಲು ತ್ರಾಸವಾದರೆ ಏಳು ಕಡ್ಡಿಪೆಟ್ಟಿಗೆಗಳನ್ನು ಒಂದೊಂದೂ 1 ಸೆಂ.ಮೀ. ಹಿಂದೆ ಸರಿಯುವಂತೆ ಮೆಟ್ಟಿಲಾಗಿ ನಿಲ್ಲಿಸಿ, ನಡುವಿನದಕ್ಕೆ ಫೋಕಸ್ ಮಾಡಿ.

ಮನೆಯಲ್ಲಿ ಶಹಾಬಾದ್ ಫರಸಿ ಇದ್ದರೆ ಕ್ಯಾಮೆರಾ ಮತ್ತು ರಟ್ಟನ್ನು ಒಂದೇ ನೇರಕ್ಕೆ ತರುವುದು ಸುಲಭ. ಕಲ್ಲುಗಳ ಸಂದಿನ ಗೆರೆಯನ್ನೇ ಹಿಡಿದು ಟ್ರೈಪಾಡ್ ನಿಲ್ಲಿಸಿ. ದೂರವನ್ನು ಲೆನ್ಸಿನಿಂದ ಅಳೆಯಬಾರದು, ಫಿಲಂ ಇರುವ ಸಮತಲದಿಂದ ಅಳೆಯಬೇಕು. ಕೆಲವು ಬಾಡಿಗಳ ಮೇಲ್ಭಾಗದಲ್ಲಿ ವೃತ್ತದ ನಡುವೆ ಗೆರೆ ಎಳೆದ ಗುರುತು ಇರುತ್ತದೆ, ಅದೇ ಜಾಗ. ಲೆನ್ಸಿನ ಮೇಲೆ ಕೆತ್ತಿದ ದೂರದ ಅಂಕಿ ಸ್ವಲ್ಪ ಹೆಚ್ಚುಕಡಿಮೆ ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಚೌಕ ಹೇಳಿದ್ದೂ ಫಿಲಂ ಮೇಲೆ ಬಂದದ್ದೂ ಒಂದೇ ಆದರೆ ಸಾಕು.

ಲೆನ್ಸನ್ನು ಪೂರ್ತಿ ತೆರೆದಿಡಿ, ಕೇಬಲ್ ರಿಲೀಸ್ ಬಳಸಿ. 36 ಫ್ರೇಮಿನ ಒಂದು ರೀಲಿನಲ್ಲಿ ಇಡೀ ಪರೀಕ್ಷೆ ಮುಗಿಯುತ್ತದೆ. 1 ಮೀಟರಿನಲ್ಲಿ ಐದು ಫ್ರೇಮ್ ಅನಂತದ ಕಡೆಯಿಂದ ತಿರುಗಿಸುತ್ತ ಬಂದು, ಐದು ಫ್ರೇಮ್ ಹತ್ತಿರದ ಕಡೆಯಿಂದ ತಿರುಗಿಸುತ್ತ ಬಂದು. ಪ್ರತಿ ಫ್ರೇಮಿಗೂ ಹೊಸದಾಗಿ ಫೋಕಸ್ ಮಾಡಬೇಕು. ಒಮ್ಮೆ ಮಾಡಿ ಐದು ಸಲ ಒತ್ತಿದರೆ ಅದು ಒಂದೇ ಪರೀಕ್ಷೆ. 3 ಮೀಟರಿನಲ್ಲೂ ಹಾಗೆಯೇ ಹತ್ತು. ಅಲ್ಲಿ ಸ್ಕೇಲು ಸಾಲದು, ನೆಲದ ಮೇಲೆ ಟೇಪು ಹಾಸಿ 5 ಸೆಂ.ಮೀ.ಗೊಂದು ಚೀಟಿ ನಿಲ್ಲಿಸಿ. ಅನಂತಕ್ಕೆ ನಾಲ್ಕು ಸಾಕು. ಉಳಿದದ್ದನ್ನು ಬೇರೆ ಬೇರೆ ಅಪರ್ಚರಿಗೆ (ಲೆನ್ಸಿನ ತೂತಿನ ಅಳತೆ) ಇಟ್ಟುಕೊಳ್ಳಿ. ಎರಡು ಕಡೆಯಿಂದ ಬಂದಾಗ ಫಲಿತಾಂಶ ಬೇರೆಯಾದರೆ ಎಲ್ಲೋ ಸಡಿಲಿದೆ: ಲೆನ್ಸಿನ ಹೆಲಿಕಾಯಿಡಿನಲ್ಲಿ (ಲೆನ್ಸನ್ನು ಹಿಂದೆ ಮುಂದೆ ಸರಿಸುವ ಮರೆ), ಇಲ್ಲವೇ ಸನ್ನೆಯ ಕೀಲಿನಲ್ಲಿ. ಕಪ್ಪುಬಿಳುಪು ರೀಲನ್ನು ಮನೆಯಲ್ಲೇ ತೊಳೆಯುವವರು ಬೇಸಿಗೆಯಲ್ಲಿ ಡೆವಲಪರನ್ನು ಐಸಿನ ನೀರಿನಲ್ಲಿಟ್ಟು 20 ಡಿಗ್ರಿಗೆ ತನ್ನಿ. ಟ್ಯಾಂಕಿಯ ಬಿಸಿನೀರಿನಲ್ಲಿ ತೊಳೆದ ನೆಗೆಟಿವಿನ ಒರಟು ಕಾಳಿನಲ್ಲಿ ಬಾರೀಕು ಫರಕು ಕಾಣುವುದಿಲ್ಲ.

ಗುರುತಿನ ಆಯ್ಕೆಯಲ್ಲೂ ಎಚ್ಚರ ಬೇಕು. ಒಂದೇ ನಮೂನೆ ಮತ್ತೆ ಮತ್ತೆ ಬರುವ ವಸ್ತುವಿಗೆ ರೇಂಜ್‌ಫೈಂಡರ್ ಮೋಸಹೋಗುತ್ತದೆ. ಜಾಲಿ ಕಿಟಕಿ, ಇಟ್ಟಿಗೆ ಗೋಡೆ, ಬಿದರಿ ತಟ್ಟೆಯ ಅಂಚಿನ ಬಳ್ಳಿ, ಇವುಗಳಲ್ಲಿ ಒಂದು ಕಂಡಿಯ ಚಿತ್ರ ಪಕ್ಕದ ಕಂಡಿಯ ಮೇಲೆ ಕೂತರೂ ಕೂಡಿದಂತೆಯೇ ಕಾಣುತ್ತದೆ. ನಮ್ಮ ಕೋಟೆಯೊಳಗಿನ 1367ರ ಜಾಮಿ ಮಸೀದಿಯಲ್ಲಿ ಕಮಾನುಗಳ ಸಾಲಿಗೆ ಫೋಕಸ್ ಮಾಡುವಾಗಲೂ ಅಷ್ಟೇ. ಸಾಲಿನ ಒಂದು ಕಂಬದ ಅಂಚಿನಲ್ಲಿ ಬಿರುಕೋ ಕಲೆಯೋ ಹುಡುಕಿ ಅದನ್ನು ಕೂಡಿಸಿ.

ರೀಲು ತೊಳೆದಾಯಿತು, ಅಂಕಿಗಳು ಕೈಯಲ್ಲಿವೆ. ಇವುಗಳನ್ನು ಓದುವುದೇ ಮುಖ್ಯ ಕೆಲಸ, ಇಲ್ಲಿ ನಿಧಾನವಾಗಿ ಹೋಗೋಣ.

1 ಮೀಟರಿನ ಫರಕನ್ನೂ 3 ಮೀಟರಿನ ಫರಕನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. 1 ಮೀಟರಿನಲ್ಲಿ 9 ಮಿ.ಮೀ., 3 ಮೀಟರಿನಲ್ಲಿ 9 ಸೆಂ.ಮೀ.ಗೂ ಮೇಲೆ, ಅಂದರೆ ಸುಮಾರು ಹತ್ತು ಪಟ್ಟು ಆಗಿದ್ದರೆ, ಎಲ್ಲ ದೂರದಲ್ಲೂ ಒಂದೇ ಪ್ರಮಾಣದ ಸರಿತವಿದೆ ಎಂದರ್ಥ. ಅನಂತದಲ್ಲೂ ತಪ್ಪಿರುತ್ತದೆ. ಅದು ಅನಂತದ ಹೊಂದಾಣಿಕೆಯದ್ದೋ, ಮೌಂಟಿನ ಅಥವಾ ಅಡಾಪ್ಟರಿನ ದಪ್ಪದ್ದೋ ಕೆಲಸ. ಬದಲಿಗೆ 1 ಮೀಟರಿನಲ್ಲಿ 3 ಸೆಂ.ಮೀ., 3 ಮೀಟರಿನಲ್ಲಿ 9 ಸೆಂ.ಮೀ., ಅಂದರೆ ಮೂರೇ ಪಟ್ಟು ಇದ್ದು ಅನಂತ ಸರಿಯಿದ್ದರೆ, ಚಲನೆಯ ಪ್ರಮಾಣವೇ ಬೇರೆಯಾಗಿದೆ. ಲೆನ್ಸ್ ಒಂದು ಲೆಕ್ಕದಲ್ಲಿ ಮುಂದೆ ಬರುತ್ತಿದೆ, ಸನ್ನೆ ಇನ್ನೊಂದು ಲೆಕ್ಕದಲ್ಲಿ ಓದುತ್ತಿದೆ. ಈ ಎರಡನೆಯದನ್ನು ಅನಂತದ ಸ್ಕ್ರೂ ತಿರುವಿ ಸರಿಮಾಡಲು ಹೋದರೆ ಹತ್ತಿರದ್ದು ಸರಿಯಾಗಿ ದೂರದ್ದೆಲ್ಲ ಹಾಳಾಗುತ್ತದೆ.

ಮುಂದಿನ ಪ್ರಶ್ನೆ ಬಾಡಿಯೋ ಲೆನ್ಸೋ ಎಂಬುದು. ಇನ್ನೊಂದು ಲೆನ್ಸ್ ಹಾಕಿ ಅದೇ ಪರೀಕ್ಷೆ ಮಾಡಿ. ಎರಡನೆಯದು ಸರಿಯಿದ್ದರೆ ಮೊದಲ ಲೆನ್ಸಿನದೇ ತೊಂದರೆ. ಎರಡೂ ತಪ್ಪಿದರೆ ಬಾಡಿಯದು. ಇಷ್ಟು ಬಹಳ ಜನಕ್ಕೆ ಗೊತ್ತು. ಆದರೆ ಬಾಡಿಯಲ್ಲಿ ಎರಡು ಅಳತೆ ಇವೆಯಲ್ಲ, ಸನ್ನೆಯದು ಮತ್ತು ಮೌಂಟಿನಿಂದ ಫಿಲಂವರೆಗಿನದು. ಅವೆರಡನ್ನು ಬೇರ್ಪಡಿಸಲು ಬೇರೆ ಬೇರೆ ಫೋಕಲ್ ಲೆಂತಿನ ಎರಡು ಲೆನ್ಸ್ ಬೇಕು. ಸನ್ನೆ ತಪ್ಪಿದ್ದರೆ ಅದು ದೂರವನ್ನೇ ತಪ್ಪಾಗಿ ಹೇಳುತ್ತದೆ. 1 ಮೀಟರನ್ನು 1.02 ಮೀಟರ್ ಎಂದು ಹೇಳಿದರೆ 35 ಮಿ.ಮೀ. ಲೆನ್ಸೂ 2 ಸೆಂ.ಮೀ. ಹಿಂದೆ ಹೋಗುತ್ತದೆ, 50 ಕೂಡ, 90 ಕೂಡ. ಎಲ್ಲ ಲೆನ್ಸಿಗೂ ಒಂದೇ ಸೆಂಟಿಮೀಟರ್ ಲೆಕ್ಕ. ಮೌಂಟಿನಿಂದ ಫಿಲಂವರೆಗಿನ ದೂರ ತಪ್ಪಿದ್ದರೆ ಹಾಗಲ್ಲ. ಆಗ ಫರಕು ಫೋಕಲ್ ಲೆಂತಿನ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. 50ರಲ್ಲಿ 2 ಸೆಂ.ಮೀ. ತಪ್ಪಿದರೆ 35ರಲ್ಲಿ ಸುಮಾರು 4 ಸೆಂ.ಮೀ., 90ರಲ್ಲಿ 6 ಮಿ.ಮೀ. ಮಾತ್ರ. ಎರಡು ಲೆನ್ಸಿನ ಅಂಕಿ ಹೋಲಿಸಿದರೆ, ಕ್ಯಾಮೆರಾ ಬಿಚ್ಚದೆಯೇ, ಸನ್ನೆಯದೋ ಮೌಂಟಿನದೋ ಎಂದು ಗೊತ್ತಾಗುತ್ತದೆ. ಒಂದು ಎಚ್ಚರಿಕೆ: 35 ಮಿ.ಮೀ. ಲೆನ್ಸಿನಲ್ಲಿ ಚೂಪಾದ ಪಟ್ಟಿ ಅಗಲವಾಗಿರುತ್ತದೆ. ಅದರ ಎರಡು ಅಂಚು ಗುರುತಿಸಿ ನಡುವನ್ನು ಲೆಕ್ಕ ಹಾಕಿ.

ಮೌಂಟಿನ ದೂರ ತಪ್ಪುವುದು ಯಾವಾಗ? ಸಾಮಾನ್ಯವಾಗಿ ಯಾರೋ ಬಾಡಿ ಬಿಚ್ಚಿ ಮುಂಭಾಗ ತೆಗೆದು, ಅದರಡಿಯಲ್ಲಿದ್ದ ತೆಳುವಾದ ಕಾಗದದ ಅಥವಾ ಲೋಹದ ಶಿಮ್‌ಗಳನ್ನು ಮರಳಿ ಹಾಕದೆ ಬಿಟ್ಟಾಗ. ಹಳೆಯ ಸೋವಿಯತ್ ಬಾಡಿಗಳಲ್ಲಿ ಇದನ್ನು ಮೊದಲು ನೋಡಿ. ಮೌಂಟಿನ ಸ್ಕ್ರೂ ಸಡಿಲವಾಗಿದ್ದರೂ ಹೀಗಾಗುತ್ತದೆ. ಇದನ್ನು ಅಳೆಯಲು ವರ್ನಿಯರ್ ಕ್ಯಾಲಿಪರ್ ಸಾಲದು, 0.01 ಮಿ.ಮೀ. ಓದುವ ಡೆಪ್ತ್ ಮೈಕ್ರೋಮೀಟರ್ ಬೇಕು. ಕಪನೂರಿನಂಥ ಕೈಗಾರಿಕಾ ಪ್ರದೇಶದಲ್ಲಿ ಲೇಥ್ ಕೆಲಸ ಮಾಡುವವರನ್ನು ವಿಚಾರಿಸಿ. ಮೌಂಟಿನ ನಾಲ್ಕು ಕಡೆ ಅಳತೆ ತೆಗೆಸಿ, ನಾಲ್ಕೂ ಒಂದೇ ಬರಬೇಕು.

ರೀಲು ಖರ್ಚು ಮಾಡದೆ ನೋಡುವ ದಾರಿಯೂ ಇದೆ. ಬಾಡಿಯ ಹಿಂಭಾಗ ತೆರೆದು, ಫಿಲಂ ಹಾಯುವ ಕಿಂಡಿಯ ಮೇಲೆ ಉಜ್ಜಿದ ಗಾಜಿನ ತುಂಡು ಇಡಿ. ಗಾಜಿನ ಒರಟು ಮುಖ ಲೆನ್ಸಿನ ಕಡೆಗಿರಬೇಕು. ಕಿಂಡಿಯ ಮೇಲೆ ಕೆಳಗೆ ಎರಡೆರಡು ಹಳಿಗಳಿರುತ್ತವೆ. ಹೊರಗಿನವು ಹಿಂದಿನ ಒತ್ತುಹಲಗೆಗೆ, ಒಳಗಿನವು ಫಿಲಂಗೆ. ಗಾಜು ಒಳಗಿನ ಹಳಿಗಳ ಮೇಲೆ ಕೂರುವಷ್ಟೇ ಅಗಲಕ್ಕೆ ಕತ್ತರಿಸಿರಬೇಕು, ಹೊರಗಿನದರ ಮೇಲೆ ಕೂತರೆ ಅಳತೆಯೇ ತಪ್ಪು. ಶಟರನ್ನು ಬಿ (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವ ಸ್ಥಾನ) ಮೇಲಿಟ್ಟು ಲಾಕ್ ಆಗುವ ಕೇಬಲ್ಲಿನಿಂದ ತೆರೆದು ಹಿಡಿದು ಲೂಪಿನಲ್ಲಿ ನೋಡಿ. ಬಿಳಿ ಮಸುಕು ಟೇಪು ಅಂಟಿಸಿ ನೋಡುವವರಿದ್ದಾರೆ. ಟೇಪು ನಡುವೆ ಜೋಲುತ್ತದೆ, ಅಂದಾಜಿಗೆ ಮಾತ್ರ ಅದು. ಗಾಜಿನ ಪರೀಕ್ಷೆಯನ್ನೂ ಕೊನೆಗೆ ಫಿಲಂ ಮೇಲೆ ಖಚಿತ ಮಾಡಿಕೊಳ್ಳಬೇಕು, ಏಕೆಂದರೆ ಫಿಲಂ ಸ್ವಲ್ಪ ಬಾಗಿ ನಿಂತಿರುತ್ತದೆ.

ಅನಂತವನ್ನು ಮನೆಯೊಳಗೇ ನೋಡಲು ಒಂದು ಎಸ್‌ಎಲ್‌ಆರ್ ಮತ್ತು 135 ಅಥವಾ 200 ಮಿ.ಮೀ. ಲೆನ್ಸ್ ಸಾಕು. ಮೊದಲು ಅದನ್ನು ಬೆಳಗಿನ ಹೊತ್ತಿನಲ್ಲಿ ದೂರದ ಗುಮ್ಮಟಕ್ಕೆ ಫೋಕಸ್ ಮಾಡಿ, ಕಟ್ಟು ತಿರುಗದಂತೆ ಟೇಪು ಸುತ್ತಿ. ರೇಂಜ್‌ಫೈಂಡರಿನ ಫಿಲಂ ಜಾಗದಲ್ಲಿ ಗೀರು ಹಾಕಿದ ಹಳೆಯ ನೆಗೆಟಿವ್ ತುಂಡು ಚಪ್ಪಟೆಯಾಗಿಟ್ಟು ಹಿಂದಿನಿಂದ ಬೆಳಕು ಬಿಡಿ, ಶಟರ್ ತೆರೆದಿರಲಿ, ಲೆನ್ಸ್ ಅನಂತದಲ್ಲಿರಲಿ. ಎರಡು ಲೆನ್ಸುಗಳನ್ನು ಮುಖಾಮುಖಿ ಇಟ್ಟು ಎಸ್‌ಎಲ್‌ಆರಿನಲ್ಲಿ ನೋಡಿದರೆ ಗೀರು ಕಾಣುತ್ತದೆ. ಚೂಪಾಗಿ ಕಂಡರೆ ನಿಮ್ಮ ಲೆನ್ಸಿನ ಅನಂತ ಸರಿಯಿದೆ. ಯಾಶಿಕಾ, ಕ್ಯಾನೊನೆಟ್ ಇರುವವರಿಗೆ ಇದು ಬಹಳ ಉಪಯೋಗ. ಲೆನ್ಸ್ ಬಿಚ್ಚಲಾಗದ ಆ ಕ್ಯಾಮೆರಾಗಳಲ್ಲಿ ಯಾರೋ ಶಟರ್ ಸ್ವಚ್ಛ ಮಾಡಲು ಮುಂದಿನ ಗಾಜು ತೆಗೆದು ಮತ್ತೆ ಹಾಕಿದ್ದೇ ಫೋಕಸ್ ಕೆಡಲು ಎಷ್ಟೋ ಸಲ ಕಾರಣ.

ಲೆನ್ಸಿನ ಕಡೆಯ ತೊಂದರೆಗಳಲ್ಲಿ ಮೊದಲು ಅಡಾಪ್ಟರ್ ಅಳೆಯಿರಿ. 1.00 ಮಿ.ಮೀ. ಇರಬೇಕಾದ್ದು 0.95 ಇದ್ದರೂ ಫೋಕಸ್ ತಪ್ಪಬಹುದು. ಒಂದು ಅಡಾಪ್ಟರ್ ಬದಲಿಸಿದ್ದಕ್ಕೆ ಲೆನ್ಸ್ 'ರಿಪೇರಿ'ಯಾಗುವುದುಂಟು.

ಎರಡನೆಯದು ಫೋಕಲ್ ಲೆಂತಿನ ಹೊಂದಿಕೆ. ಕಾಂಟ್ಯಾಕ್ಸ್ ಲೆಕ್ಕದಲ್ಲಿ 50 ಮಿ.ಮೀ. ಲೆನ್ಸ್ ಎಂದರೆ 52.4, ಲೈಕಾ ಲೆಕ್ಕದಲ್ಲಿ 51.6. ಹಳೆಯ ನಿಕಾನ್ ಎಸ್ ಮೌಂಟ್ ನೋಡಲು ಕಾಂಟ್ಯಾಕ್ಸಿನಂತೆಯೇ ಇದ್ದರೂ ಅಳತೆ ಲೈಕಾದ್ದು. 52.4ರ ಲೆನ್ಸನ್ನು 51.6ರ ಬಾಡಿಗೆ ಹಾಕಿದರೆ ಅನಂತದಲ್ಲಿ ತೊಂದರೆ ಕಾಣದು, 1 ಮೀಟರಿನಲ್ಲಿ ಅದು 0.1 ಮಿ.ಮೀ. ಕಡಿಮೆ ಮುಂದೆ ಬಂದು 3 ಸೆಂ.ಮೀ. ಹಿಂದೆ ಫೋಕಸ್ ಮಾಡುತ್ತದೆ. ಸೋವಿಯತ್ ಜೂಪಿಟರ್ ಲೆನ್ಸ್ ಹಾಕಿಕೊಂಡವರು ಹೇಳುವ "ದೂರದ್ದು ಛಲೋ ಬರ್ತದ, ಹತ್ತಿರದ್ದು ಬರಂಗಿಲ್ಲ" ಎಂಬ ಲಕ್ಷಣ ಇದಕ್ಕೆ ಹೊಂದುತ್ತದೆ. ಗಾಜಿನ ಕೊಳವೆಯ ಕೆಳಗೆ 0.1 ಮಿ.ಮೀ. ಶಿಮ್ ಸೇರಿಸಿದರೆ 1 ಮೀಟರ್ ಸರಿಹೋಗುತ್ತದೆ, ಆದರೆ ಅನಂತದ ಜಾಗದಲ್ಲಿ ಲೆನ್ಸ್ 27 ಮೀಟರಿಗೆ ನಿಲ್ಲುತ್ತದೆ. ದೂರದ ದೃಶ್ಯಕ್ಕೆ ಎಫ್/4ಕ್ಕೆ ಇಳಿಸಲೇಬೇಕು. ಎರಡೂ ಕಡೆ ಪೂರ್ತಿ ಸರಿಮಾಡುವ ಶಿಮ್ ಇಲ್ಲ. ಮುಖಚಿತ್ರ ತೆಗೆಯುವವರು ಹತ್ತಿರವನ್ನು ಆರಿಸಲಿ, ಕೋಟೆ ಗುಮ್ಮಟ ತೆಗೆಯುವವರು ಲೆನ್ಸನ್ನು ಇದ್ದಂತೆ ಬಿಡಲಿ.

ಮೂರನೆಯದು ತೊಂದರೆಯೇ ಅಲ್ಲ, ಲೆನ್ಸಿನ ಸ್ವಭಾವ. ಗೋಳೀಯ ದೋಷ (ಗಾಜಿನ ನಡುವಿನ ಮತ್ತು ಅಂಚಿನ ಕಿರಣಗಳು ಒಂದೇ ಕಡೆ ಕೂಡದಿರುವುದು) ಉಳಿದಿರುವ ಲೆನ್ಸಿನಲ್ಲಿ ಅಪರ್ಚರ್ ಕಿರಿದಾದಂತೆ ಫೋಕಸ್ ಹಿಂದಕ್ಕೆ ಜಾರುತ್ತದೆ. ಝೈಸಿನ ಸಿ ಸೋನಾರ್ 50 ಎಫ್/1.5 ಮತ್ತು ಫೋಗ್ಟ್‌ಲೆಂಡರ್ ನೋಕ್ಟನ್ 35 ಎಫ್/1.4 ಇದಕ್ಕೆ ಹೆಸರಾದವು. ಎಸ್‌ಎಲ್‌ಆರಿನಲ್ಲಿ ಅಪರ್ಚರ್ ಮುಚ್ಚಿ ನೋಡಿದರೆ ಇದು ಕಾಣಬಹುದು, ರೇಂಜ್‌ಫೈಂಡರಿನ ಸನ್ನೆಗೆ ಅಪರ್ಚರಿನ ಸುದ್ದಿಯೇ ಗೊತ್ತಿಲ್ಲ. ರೀಲಿನಲ್ಲಿ ಉಳಿಸಿಕೊಂಡ ಫ್ರೇಮುಗಳು ಇದಕ್ಕೇ: 1 ಮೀಟರಿನಲ್ಲಿ ಪೂರ್ತಿ ತೆರೆದು, 2ಕ್ಕೆ, 2.8ಕ್ಕೆ, 4ಕ್ಕೆ, 5.6ಕ್ಕೆ ಒಂದೊಂದು. ಚೂಪಾದ ಪಟ್ಟಿ ಹಿಂದಕ್ಕೆ ನಡೆಯುತ್ತಿದ್ದರೆ ಯಾವ ಸ್ಕ್ರೂವೂ ಅದನ್ನು ನಿಲ್ಲಿಸುವುದಿಲ್ಲ. ಯಾವ ಅಪರ್ಚರಿನಲ್ಲಿ ಕರಾರುವಾಕ್ಕಾಗಿದೆ ಎಂದು ತಿಳಿದು ಬಳಸಬೇಕು.

ಕೊನೆಯದಾಗಿ, ಬಾಡಿಯ ಮಿತಿ. ಚೌಕದ ನಿಖರತೆ ಎರಡು ಕಿಟಕಿಗಳ ನಡುವಿನ ಅಂತರವನ್ನು ವ್ಯೂಫೈಂಡರಿನ ವರ್ಧನೆಯಿಂದ ಗುಣಿಸಿದಷ್ಟು. ಎಂ6ರಲ್ಲಿ 69.25 ಗುಣಿಸು 0.72, ಸುಮಾರು 50 ಮಿ.ಮೀ. ಬೆಸ್ಸಾ ಆರ್‌ನಲ್ಲಿ 37 ಗುಣಿಸು 0.68, ಸುಮಾರು 25 ಮಿ.ಮೀ. ಕಣ್ಣು ಒಂದು ಆರ್ಕ್ ನಿಮಿಷದಷ್ಟು (ಡಿಗ್ರಿಯ ಅರವತ್ತನೇ ಒಂದು ಭಾಗ) ತಪ್ಪಿದರೆ 1 ಮೀಟರಿನಲ್ಲಿ ಎಂ6 ಸುಮಾರು 6 ಮಿ.ಮೀ. ತಪ್ಪುತ್ತದೆ, ಬೆಸ್ಸಾ 12 ಮಿ.ಮೀ. 90 ಮಿ.ಮೀ. ಎಫ್/2 ಲೆನ್ಸಿನ ಸಲುಗೆ ಅಲ್ಲಿ ತಲಾ 5 ಮಿ.ಮೀ. ಚಿಲ್ಲರೆ. ಆ ಲೆನ್ಸನ್ನು ಬೆಸ್ಸಾಕ್ಕೆ ಹಾಕಿ ಹತ್ತಿರದಲ್ಲಿ ಪೂರ್ತಿ ತೆರೆದು ತೆಗೆದ ಫೋಟೋ ತಪ್ಪಿದರೆ ಬಾಡಿಯನ್ನು ದೂರಬೇಡಿ. ಎಫ್/4ಕ್ಕೆ ಇಳಿಸಿ.

ಇನ್ನು ಪ್ರಶ್ನೆಗಳು.

"ಮಿರರ್‌ಲೆಸ್ ಬಾಡಿಗೆ ಅಡಾಪ್ಟರ್ ಹಾಕಿ ಲೆನ್ಸ್ ಚೆಕ್ ಮಾಡಿದ್ರ ನಡೀತದೇನ್ರಿ?"

ಅರ್ಧ ನಡೆಯುತ್ತದೆ. ಫೋಕಸ್ ಜಾರುವುದು, ಗಾಜು ವಾಲಿರುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ಹಿಂದಿನ ಉಂಗುರ ಸರಿಯಿದೆಯೇ ಎಂಬುದು ಕಾಣುವುದಿಲ್ಲ, ಏಕೆಂದರೆ ಅಲ್ಲಿ ಅದು ಏನನ್ನೂ ಒತ್ತುವುದಿಲ್ಲ. ಎಷ್ಟೋ ಅಡಾಪ್ಟರುಗಳನ್ನು ಅನಂತ ತಪ್ಪದಿರಲಿ ಎಂದು ಬೇಕೆಂದೇ ಸ್ವಲ್ಪ ಗಿಡ್ಡ ಮಾಡಿರುತ್ತಾರೆ, ಹಾಗಾಗಿ ಅನಂತದ ಪರೀಕ್ಷೆಗೂ ಅದು ಆಗದು. ಲೈವ್ ವ್ಯೂ ಇರುವ ಡಿಜಿಟಲ್ ಲೈಕಾ ಎಂ ಯಾರದಾದರೂ ಸಿಕ್ಕರೆ ಚೌಕದಲ್ಲಿ ಕೂಡಿಸಿ, ಪರದೆಯಲ್ಲಿ ಹಿಗ್ಗಿಸಿ ನೋಡಿ. ಆ ಬಾಡಿ ಸರಿಯಿದೆ ಎಂದು ಮೊದಲು ಖಾತ್ರಿ ಮಾಡಿಕೊಂಡಿರಬೇಕು.

"ನನ್ನ ಎಲೆಕ್ಟ್ರೋದಾಗ ಚೌಕನೇ ಕಾಣವಲ್ದು. ಬಟ್ಟಿಲೆ ಒರಸಲೇನು?"

ಹೊರಗಿನ ಕಿಟಕಿ ಒರೆಸಿ, ಒಳಗಿನದನ್ನು ಬೇಡ. ಒಳಗಿನ ಅರೆಗನ್ನಡಿಯ ಲೇಪ ಹಳೆಯದಾದರೆ ಹತ್ತಿಯ ಒಂದು ಎಳೆತಕ್ಕೆ ಎದ್ದು ಬರುತ್ತದೆ, ಆಮೇಲೆ ಚೌಕ ಶಾಶ್ವತವಾಗಿ ಹೋಗುತ್ತದೆ. ತಾತ್ಕಾಲಿಕವಾಗಿ ವ್ಯೂಫೈಂಡರಿನ ಮುಂದಿನ ಕಿಟಕಿಯ ನಡುವೆ, ಚೌಕ ಬೀಳುವ ಜಾಗದಲ್ಲಿ, ಪುಟ್ಟ ಕರಿ ಟೇಪಿನ ತುಂಡು ಅಂಟಿಸಿ. ಹಿನ್ನೆಲೆ ಕತ್ತಲಾಗಿ ಎರಡನೇ ಚಿತ್ರ ಎದ್ದು ಕಾಣುತ್ತದೆ.

"ಎಂ6ದಾಗ ಅನಂತ ನಾನೇ ಸೆಟ್ ಮಾಡ್ಕೋಬಹುದೇನು?"

ಮೇಲಿನ ಎಲ್ಲ ಪರೀಕ್ಷೆಯಾಗಿ ಸನ್ನೆಯದೇ ತಪ್ಪು ಎಂದು ಖಚಿತವಾದ ಮೇಲೆ ಮಾತ್ರ. ಚಕ್ರ ಕೂತ ಕೀಲನ್ನು ಬೇಕೆಂದೇ ನಡುತಪ್ಪಿಸಿ ಮಾಡಿರುತ್ತಾರೆ, ಅದನ್ನು ತಿರುಗಿಸಿದರೆ ಅನಂತ ಸರಿಯುತ್ತದೆ. ಫಿಲಂ ಬಾಡಿಯಲ್ಲಿ ಚಪ್ಪಟೆ ಸ್ಕ್ರೂ ಡ್ರೈವರ್, ಎಂ8 ಮತ್ತು ಎಂ9ರಲ್ಲಿ 2 ಮಿ.ಮೀ. ಅಲೆನ್ ಕೀ. ಕೂದಲೆಳೆಯಷ್ಟು ತಿರುಗಿಸಿ, ಲೆನ್ಸ್ ಹಾಕಿ ನೋಡಿ, ಮತ್ತೆ ತೆಗೆಯಿರಿ. ಶುರು ಮಾಡುವ ಮೊದಲು ಇದ್ದ ಸ್ಥಿತಿಯನ್ನು ಫೋಟೋ ಹಿಡಿದಿಟ್ಟುಕೊಳ್ಳಿ. ಲಂಬದ ಸ್ಕ್ರೂ ಎಂ6ರಲ್ಲಿ ಕೆಂಪು ಬಿಲ್ಲೆಯ ಹಿಂದಿದೆ. ಚಲನೆಯ ಪ್ರಮಾಣ ಬದಲಿಸುವ ಸನ್ನೆತೋಳಿನ ಹೊಂದಾಣಿಕೆಯನ್ನು ಮಾತ್ರ ಮನೆಯಲ್ಲಿ ಮುಟ್ಟಬೇಡಿ. ಅದನ್ನು ಬದಲಿಸಿದರೆ ಅನಂತವೂ ಕದಲುತ್ತದೆ, ಎರಡನ್ನೂ ಸರದಿಯ ಮೇಲೆ ಹಲವು ಸಲ ಹೊಂದಿಸುತ್ತ ಹೋಗಬೇಕಾಗುತ್ತದೆ.

"ರಿಪೇರಿಗೆ ಹೊರಗ ಕಳಸೋದಾದ್ರ ಏನೇನು ಕಳಸಬೇಕ್ರಿ?"

ಬಾಡಿ ಒಂದನ್ನೇ ಕಳಿಸಬೇಡಿ. ಬಾಡಿ, ತಪ್ಪುವ ಲೆನ್ಸ್, ತಪ್ಪದ ಲೆನ್ಸ್ ಇದ್ದರೆ ಅದೂ, ಬಳಸುತ್ತಿದ್ದ ಅಡಾಪ್ಟರ್, ಜೊತೆಗೆ ಪರೀಕ್ಷೆಯ ನೆಗೆಟಿವ್. "ಫೋಕಸ್ ಸರಿಯಿಲ್ಲ" ಎಂದು ಬರೆದರೆ ಅವರು ಮತ್ತೆ ಮೊದಲಿನಿಂದ ಹುಡುಕಬೇಕು. ಚೀಟಿಯಲ್ಲಿ ಹೀಗೆ ಬರೆಯಿರಿ: ಅನಂತದಲ್ಲಿ ಚೌಕ ಕೂಡುತ್ತದೆ, 50 ಎಫ್/2ರಲ್ಲಿ 1 ಮೀಟರಿಗೆ 3 ಸೆಂ.ಮೀ. ಹಿಂದೆ, 3 ಮೀಟರಿಗೆ 9 ಸೆಂ.ಮೀ. ಹಿಂದೆ, ಎರಡೂ ಕಡೆಯಿಂದ ತಿರುಗಿಸಿದಾಗ ಒಂದೇ, 35ರಲ್ಲಿ 1 ಮೀಟರಿಗೆ ಅದೇ 3 ಸೆಂ.ಮೀ. ಇದನ್ನು ಓದಿದ ಮೆಕ್ಯಾನಿಕ್ ಮೌಂಟೂ ಬಿಚ್ಚುವುದಿಲ್ಲ, ಲೆನ್ಸೂ ಬಿಚ್ಚುವುದಿಲ್ಲ, ನೇರ ಸನ್ನೆತೋಳಿಗೇ ಕೈ ಹಾಕುತ್ತಾರೆ.